ತಾತನ ಕತ್ತಿಗೊಂದು ಪಟ್ಟಿ

ಒಂದೂರಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಏಳು ಜನ ರಾಣಿಯರಿರಲಿಲ್ಲ. ಇದ್ದವಳು ಒಬ್ಬಳೇ, ಅವಳೂ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಅವನ ಬಳಿ ಏಳು ಕತ್ತಿಗಳಿದ್ದವು, ವಾರದ ಒಂದೊಂದು ದಿನಕ್ಕೆ ಒಂದೊಂದು. ಸೋಮವಾರ ದುಡಿದ ಕತ್ತಿ ಮುಂದಿನ ಸೋಮವಾರದವರೆಗೆ ಪೆಟ್ಟಿಗೆಯಲ್ಲಿ ಮಲಗಿ ದಣಿವಾರಿಸಿಕೊಳ್ಳಬೇಕು ಎನ್ನುವುದು ಆ ರಾಜ್ಯದ ಕಾನೂನು. ಅಷ್ಟು ಕತ್ತಿಗಳಿದ್ದರೂ ರಾಜ ಒಬ್ಬರ ತಲೆಯನ್ನೂ ತೆಗೆದವನಲ್ಲ. ತೆಗೆದದ್ದೆಲ್ಲ ಬರೀ ಗಡ್ಡ.

ಅಜ್ಜಿಯ ಕಥೆಗಳನ್ನು ಕೇಳಿ ಬೆಳೆದವಳು ನಾನು, ಹೀಗಲ್ಲದೆ ಬೇರೆ ಥರ ಶುರುಮಾಡಲು ಬರುವುದಿಲ್ಲ. ರಾಜನೆಂದರೆ ನಮ್ಮ ತಾತ. ರಾಜ್ಯವೆಂದರೆ ಎರಡು ಕುರ್ಚಿ, ಮೂರು ಕನ್ನಡಿಗಳ ಕ್ಷೌರದಂಗಡಿ, ಅದರ ಮೇಲೆ ನಮ್ಮ ಮನೆ. ಮಾತು ಕೇಳದ ರಾಣಿ ನಮ್ಮಜ್ಜಿ. ಈಗ ಅಂಗಡಿ ನಡೆಸುವುದು ಅಪ್ಪ. ಅಪ್ಪನದು ಬ್ಲೇಡನ್ನು ಎರಡಾಗಿ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸಿ, ಕೆಲಸವಾದ ಮೇಲೆ ಎಸೆಯುವ ಕ್ರಮ. ತಾತ ಅಪ್ಪನನ್ನು ಅರ್ಧ ಬ್ಲೇಡು ಎಂದೇ ಕರೆಯುತ್ತಾರೆ. ಹೆತ್ತ ಮಗನನ್ನು.

ತಾತನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎದುರಿಗೆ ನಿಂತವರು ಸೊಸೆಯೋ ಬಾಗಿಲೋ ಎಂದು ಗೊತ್ತಾಗದಷ್ಟು. ಕಣ್ಣಿನ ಡಾಕ್ಟರು, ಪೊರೆ ಬಲಿತು ಕಲ್ಲಾಗುತ್ತಿದೆ, ಇನ್ನು ತಡಮಾಡಿದರೆ ನನ್ನ ಕೈಲಾಗುವುದಿಲ್ಲ ಎಂದು ಖಂಡಿತವಾಗಿ ಹೇಳಿದ್ದರು. ಅವರದು ಒಂದೇ ಷರತ್ತು: ಆಪರೇಶನ್ನಿನ ದಿನ ಮುಖದ ಮೇಲೆ ಒಂದು ಕೂದಲೂ ಇರಕೂಡದು. ತಾತನದೂ ಒಂದೇ ಷರತ್ತು: ನನ್ನ ಮುಖಕ್ಕೆ ನನ್ನ ಕತ್ತಿಯೇ ಆಗಬೇಕು, ಆ ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ತೀಡಿರಬೇಕು. ಸಾಣೆಕಲ್ಲಿಗೆ ವರ್ಷಕ್ಕೊಮ್ಮೆ ಹಿಡಿದರೂ ನಡೆದೀತು, ಪಟ್ಟಿ ಮಾತ್ರ ದಿನಾ ಬೇಕು ಎಂದು ಅವರ ವಾದ. ಆ ಪಟ್ಟಿಯನ್ನು ಹಾಳುಮಾಡಿದವಳು ನಾನು.

ಅದಕ್ಕೆ ಒಂದು ತೊಟ್ಟು ಎಣ್ಣೆ ಸವರು ಎಂದು ತಾತ ಹೇಳಿದ್ದರು. ಬಾಟಲಿ ಹಿಡಿದವಳಿಗೆ ಹಡಗಿನ ತಳದಲ್ಲಿ ಕೂತು ಮುತ್ತು ಪೋಣಿಸುವ ಹುಡುಗಿಯ ಕಥೆ ತಲೆಯೊಳಗೆ ಹೊಕ್ಕಿತು. ಹುಡುಗಿ ದಡ ಸೇರುವಷ್ಟರಲ್ಲಿ ಪಟ್ಟಿ ಎಣ್ಣೆಯಲ್ಲಿ ಮಿಂದಿತ್ತು. ಗಾಬರಿಯಾಗಿ ಸೋಪು ಹಾಕಿ ತೊಳೆದೆ. ತೊಳೆದದ್ದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ಒಂದು ತಪ್ಪಿಗೆ ಮೂರು ತಪ್ಪು. ಸಂಜೆ ಅದು ಒಣಗಿದ ಎಲೆಯ ಹಾಗೆ ಸುರುಟಿ ಕೂತಿತ್ತು.

ತಾತ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಅದರ ಸುರುಟನ್ನು ಬಿಡಿಸುತ್ತ ಕೂತರು. ನಾನು ಅವರ ಮೊಣಕಾಲು ಹಿಡಿದು, ಹೊಸ ಪಟ್ಟಿ ತಂದುಕೊಡುತ್ತೇನೆ, ನಿಮ್ಮ ಕತ್ತಿಯಲ್ಲೇ ನಿಮ್ಮ ಕ್ಷೌರ ಆಗಿ ನೀವು ಆಸ್ಪತ್ರೆಗೆ ಹೊರಡುತ್ತೀರಿ ಎಂದು ಮಾತು ಕೊಟ್ಟೆ. ಅಜ್ಜಿಯ ಕಥೆಗಳಲ್ಲಿ ಮಾತು ಕೊಟ್ಟವರಿಗೆ ದಾರಿ ತೋರಿಸಲು ಒಂದು ಹಕ್ಕಿಯಾದರೂ ಬರುತ್ತದೆ. ನನಗೆ ಬಂದದ್ದು ತಾತನ ತಕರಾರು.

ಎರಡು ಬೀದಿ ಆಚೆ ತೊಗಲಿನ ಚೀಲ ಹೊಲಿಯುವವರೊಬ್ಬರಿದ್ದಾರೆ. ಬೀದಿಗೆಲ್ಲ ಅವರು ಚೀಲದ ಮಾಮ. ಮೊದಲ ಪಟ್ಟಿಯನ್ನು ಅವರು ಕೊಟ್ಟ ಹಾಗೇ ತಂದೆ. ತಾತ ಅದರ ಮೇಲೆ ಬೆರಳಿಟ್ಟು, ಅಗಲ ಎರಡೇ ಬೆರಳು, ಇದು ಪ್ಯಾಂಟಿಗೆ ಕಟ್ಟುವುದಕ್ಕೆ, ಕತ್ತಿಗೆ ಮೂರೂವರೆ ಬೆರಳು ಬೇಕು ಎಂದರು. ಎರಡನೆಯದು ಅಗಲವಿತ್ತು, ಆದರೆ ಹೊಟ್ಟೆಯ ಭಾಗದ ತೊಗಲು. ಎಳೆದರೆ ನಡುವೆ ಜೋಲುತ್ತದೆ, ಜೋತ ಪಟ್ಟಿಯ ಮೇಲೆ ತೀಡಿದ ಕತ್ತಿಯ ಬಾಯಿ ದುಂಡಗಾಗುತ್ತದೆ, ಬೆನ್ನಿನ ಭಾಗ ತಾ ಎಂದರು. ಮೂರನೆಯದು ಬೆನ್ನಿನದೇ. ಆದರೆ ಪಾಲಿಶ್ ಹೊಡೆದಿತ್ತು, ಕತ್ತಿ ಜಾರಿಹೋಗುತ್ತದಂತೆ. ತೊಗಲು ಕತ್ತಿಯನ್ನು ತುಸು ಹಿಡಿಯಬೇಕಂತೆ, ಹೋಗುವವರ ಸೆರಗನ್ನು ಮಗು ಹಿಡಿದ ಹಾಗೆ.

ಕೊನೆಗೆ ಚೀಲದ ಮಾಮ ಒಳಗಿನಿಂದ ಒಂದು ಇಡೀ ತೊಗಲನ್ನು ತಂದು ಹಾಸಿ, ನೀನೇ ಆರಿಸಿಕೋ ತಾಯಿ ಎಂದು ಕೈಮುಗಿದರು. ತಾತ ಹೇಳಿಕೊಟ್ಟ ಹಾಗೆ ಮೂಸಿದೆ, ಮಡಿಸಿ ಬಿರುಕು ಬಿಡುತ್ತದೆಯೇ ನೋಡಿದೆ, ಕಣ್ಣು ಮುಚ್ಚಿ ಅಂಗೈ ಆಡಿಸಿದೆ. ಬೆನ್ನೆಲುಬಿನ ಪಕ್ಕದ ಭಾಗ, ಮೂರೂವರೆ ಬೆರಳು ಅಗಲ, ಒಂದು ತೋಳು ಉದ್ದ. ಒಂದು ತುದಿಗೆ ಕೊಕ್ಕೆಗೆ ಸಿಕ್ಕಿಸುವ ಬಳೆ, ಇನ್ನೊಂದಕ್ಕೆ ಹಿಡಿ. ತಾತ ಅದನ್ನು ತಡವಿ, ಬಗ್ಗಿಸಿ, ಕಿವಿಯ ಹತ್ತಿರ ಹಿಡಿದು ಚಟ್ಟೆನ್ನಿಸಿ, ಪರವಾಗಿಲ್ಲ ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆಮೇಲೆ ಅದನ್ನು ಪಳಗಿಸುವ ಕೆಲಸ. ದಿನಾ ಬೆಳಿಗ್ಗೆ ನೂರು ಸಲ, ಸಂಜೆ ನೂರು ಸಲ ಅಂಗೈಯ ಬುಡದಿಂದ ಉಜ್ಜಬೇಕು. ಎಣ್ಣೆಯಿಲ್ಲ, ನೀರಿಲ್ಲ, ಕೈಯ ಕಾವೇ ಅದಕ್ಕೆ ಊಟ. ಸುತ್ತಿಡಬಾರದು, ತೂಗುಹಾಕಬೇಕು. ನಾನು ಎಂಟು ದಿನ ಉಜ್ಜಿದೆ. ಅಂಗೈ ಕೆಂಪಾಯಿತು, ಪಟ್ಟಿ ಕಪ್ಪಾಯಿತು. ಒಂಬತ್ತನೆಯ ದಿನ ತಾತ ಅದರ ಮೇಲೆ ಹೆಬ್ಬೆರಳು ಎಳೆದು, ತೊಗಲು ಸರಿಯಿಲ್ಲ, ಗಂಟಿದೆ, ಬೇರೆ ತಾ ಎಂದರು. ಆಪರೇಶನ್ನಿನ ದಿನ ಹೋಯಿತು. ಡಾಕ್ಟರು ಇನ್ನೊಂದು ದಿನ ಕೊಟ್ಟರು. ಅದೇ ತೊಗಲಿನಿಂದ ಇನ್ನೊಂದು ಪಟ್ಟಿ, ಮತ್ತೆ ಉಜ್ಜಾಟ, ಮತ್ತೆ ಗಂಟು. ಆ ದಿನವೂ ಹೋಯಿತು. ಮೂರನೆಯ ದಿನವನ್ನು ಕೊಡುವಾಗ ಡಾಕ್ಟರು, ಇದೇ ಕೊನೆ, ಆಮೇಲೆ ಕಣ್ಣಿನ ಆಸೆ ಬಿಟ್ಟುಬಿಡಿ ಎಂದು ಅಪ್ಪನ ಮುಖ ನೋಡಿ ಹೇಳಿದರಂತೆ.

ಮನೆಯಲ್ಲಿ ಎಲ್ಲರಿಗೂ ರೇಗಿಹೋಯಿತು. ಅಪ್ಪ, ಮಲಗಿದ್ದಾಗ ಬೋಳಿಸಿಬಿಡುತ್ತೇನೆ ಎಂದರು. ಅಜ್ಜಿ, ಗಡ್ಡ ಬಿಟ್ಟವರು ಸನ್ಯಾಸಿಗಳಾಗಿ ಮನೆ ಬಿಟ್ಟಾದರೂ ಹೋಗುತ್ತಾರೆ, ಇವರಿಂದ ಅಷ್ಟೂ ಉಪಕಾರವಿಲ್ಲ ಎಂದರು. ಅಮ್ಮ ಪಾತ್ರೆಗಳನ್ನು ಕುಕ್ಕುವ ಸದ್ದಿನಲ್ಲೇ ತನ್ನ ಅಭಿಪ್ರಾಯ ತಿಳಿಸಿದಳು. ನನ್ನ ಪಾಡಂತೂ ಕೇಳಬೇಡಿ. ನಿದ್ದೆಯಲ್ಲಿ ಬರುವ ರಾಜಕುಮಾರರೆಲ್ಲ ತೊಗಲಿನ ವಾಸನೆ ಹೊಡೆಯುತ್ತಿದ್ದರು.

ಎರಡು ಪಟ್ಟಿಗಳನ್ನೂ ಹಿಡಿದುಕೊಂಡು ಚೀಲದ ಮಾಮನ ಮೇಲೆ ಜಗಳಕ್ಕೇ ಹೋದೆ. ಅವರು ಕನ್ನಡಕ ಏರಿಸಿ, ಪಟ್ಟಿಗಳನ್ನು ಬೆಳಕಿಗೆ ಹಿಡಿದು, ಕೊಕ್ಕೆಯ ತುದಿಯ ಹತ್ತಿರ ಉಗುರಿನಿಂದ ತೋರಿಸಿದರು. ಅಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಎರಡರಲ್ಲೂ ಅದೇ ಜಾಗದಲ್ಲಿ.

"ಇದು ಗಂಟಲ್ಲಮ್ಮ, ಕತ್ತಿ ಕೊಯ್ದಿರೋದು. ತಿರುಗಿಸೋವಾಗ ಕತ್ತೀನ ಅದರ ಮೊಂಡು ಬೆನ್ನಿನ ಮೇಲೆ ತಿರುಗಿಸದೆ ಹರಿತದ ಬಾಯಿ ಮೇಲೆ ತಿರುಗಿಸಿದಾರೆ. ಹೊಸಬರು ಮಾಡೋ ತಪ್ಪು. ನೀನೇನಾದ್ರೂ ತೀಡೋಕೆ ಹೋದ್ಯಾ?"

ನಾನು ಆ ಕತ್ತಿಗಳನ್ನು ಮುಟ್ಟಿಯೇ ಇರಲಿಲ್ಲ. ಅಪ್ಪನಿಗೆ ಅವುಗಳ ಸಹವಾಸವೇ ಬೇಡ. ಅಜ್ಜಿ ತರಕಾರಿಯನ್ನೂ ಬೈದುಕೊಂಡೇ ಹೆಚ್ಚುವವಳು. ಲೆಕ್ಕ ಹಾಕುತ್ತ ಹಾಕುತ್ತ ದಾರಿಯ ನಡುವೆ ನಿಂತುಬಿಟ್ಟೆ. ಸೈಕಲ್ಲಿನವನೊಬ್ಬ ಬೈದುಕೊಂಡು ಸುತ್ತಿ ಹೋದ.

ಮರುದಿನ ಮಧ್ಯಾಹ್ನ, ಅಂಗಡಿ ಮುಚ್ಚಿ ಎಲ್ಲರೂ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ ನಾನು ಮೆಟ್ಟಿಲ ಮೇಲೆ ಕೂತೆ. ಚೀಲದ ಮಾಮ ಅದೇ ತೊಗಲಿನಿಂದ ಕೊಯ್ದು ಕೊಟ್ಟ ಮೂರನೆಯ ತುಂಡು ಕೆಳಗೆ ಅಂಗಡಿಯ ಕೊಕ್ಕೆಯಲ್ಲಿ ತೂಗುತ್ತಿತ್ತು. ತಾತ ಗೋಡೆ ಹಿಡಿದುಕೊಂಡು ಬಂದರು. ಪೆಟ್ಟಿಗೆ ತೆರೆದು ಕತ್ತಿ ತೆಗೆದರು, ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದರು. ಹೋಗುವಾಗ ಸದ್ದು ಚೆನ್ನಾಗಿತ್ತು, ರೇಷ್ಮೆ ಹರಿದ ಹಾಗೆ. ತುದಿಗೆ ಮುಟ್ಟಿ ತಿರುಗುವಾಗ ಕೈ ನಡುಗಿತು, ಕಚ್ ಎಂದಿತು. ಅವರು ನಿಂತರು. ಹೆಬ್ಬೆರಳಿನಿಂದ ಆ ಜಾಗವನ್ನು ತಡವಿದರು. ಮತ್ತೆ ತೀಡಿದರು. ಮತ್ತೆ ಕಚ್. ಐವತ್ತು ವರ್ಷ ಒಂದೇ ಒಂದು ಪಟ್ಟಿಯನ್ನು ಗೀರಿಲ್ಲದೆ ದುಡಿಸಿದ ಕೈ ಅದು.

ವಾರಗಟ್ಟಲೆ ತೊಗಲಿನ ಮೇಲೆ, ಚೀಲದ ಮಾಮನ ಮೇಲೆ, ನನ್ನ ಅಂಗೈ ಮೇಲೆ ತಾತ ಕೂರಿಸಿದ ಗೂಬೆಯೆಲ್ಲ ನೆನಪಾಗಿ ನನ್ನ ಸಿಟ್ಟು ನೆತ್ತಿಗೇರಿತು. ಇಳಿದುಹೋಗಿ ಏನೇನೋ ಅನ್ನಬೇಕೆಂದಿದ್ದೆ. ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ಬೇರೆ.

"ಹೇಳಬಾರದಾಗಿತ್ತಾ ತಾತ?"

ಅವರು ಬೆಚ್ಚಲಿಲ್ಲ. ಕತ್ತಿಯನ್ನು ಮಡಚಿದರು.

"ಏನಂತ ಹೇಳೋದು? ನನ್ ಕೈ ಹೋಯ್ತು ಅಂತ್ಲಾ? ಕಣ್ಣು ಹೋಗಿದೆ ಅಂದ್ರೆ ಡಾಕ್ಟರಿದಾರೆ. ಕೈ ಹೋಗಿದೆ ಅಂದ್ರೆ ಯಾರಿದಾರೆ?"

"ಕಣ್ಣು ಬಂದರೆ ಕೈಯೂ ಬರತ್ತೋ ಏನೋ."

"ಬರದಿದ್ರೆ?"

ಆಗ ಗೊತ್ತಾಯಿತು. ಕಣ್ಣು ಕಾಣದಿರುವಷ್ಟು ದಿನ ತಪ್ಪನ್ನು ಕಣ್ಣಿನ ಮೇಲೆ ಹೊರಿಸಬಹುದು. ಕಣ್ಣು ಬಂದ ಮೇಲೂ ಕೈ ನಡುಗಿದರೆ ಅದು ಕೈಯದೇ. ಯಾವ ಕಥೆಯೂ ನೆನಪಿಗೆ ಬರಲಿಲ್ಲ. ಅದಕ್ಕೇ ಕತ್ತಿಯನ್ನು ಅವರ ಕೈಯಿಂದ ತೆಗೆದುಕೊಂಡು, ಹೇಗೆ ಹಿಡಿಯುವುದು ತೋರಿಸಿ ಎಂದೆ.

"ನೀನಾ? ಕಥೆಪೆಟ್ಟಿಗೆ, ನೀನು ಸೂಜಿ ಹಿಡಿದ್ರೂ ರಕ್ತ ಬರತ್ತೆ."

"ನನಗೆ ಕಣ್ಣಿದೆ, ನಿಮಗೆ ಕಿವಿಯಿದೆ. ಸುಮ್ನೆ ಹೇಳ್ಕೊಡಿ."

ಹೇಳಿಕೊಟ್ಟರು. ಅಯ್ಯೋ, ಆ ಹೇಳಿಕೊಡುವಿಕೆಯ ಸುಖವೇ. ಹೊಸ ತುಂಡಿನ ಗೀರುಗಳನ್ನು ಮೊದಲು ಉಜ್ಜುಕಾಗದದಿಂದ ಸವೆಸಬೇಕು, ಹಾಗಲ್ಲ, ಉದ್ದಕ್ಕೆ. ಮೊದಲು ಅದೇ ಕೊಕ್ಕೆಗೆ ಕಟ್ಟಿದ ದಪ್ಪ ಬಟ್ಟೆಯ ಮೇಲೆ, ಆಮೇಲೆ ತೊಗಲಿನ ಮೇಲೆ. ಬೆನ್ನು ಮುಂದೆ, ಬಾಯಿ ಹಿಂದೆ. ಒತ್ತಬೇಡ, ಇದೇನು ಬಟ್ಟೆ ಒಗೀತಿದೀಯಾ. ಅಷ್ಟು ಮೆಲ್ಲಗಲ್ಲ, ಇದೇನು ಬೆಕ್ಕಿನ ಮೈ ಸವರ್ತಿದೀಯಾ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ತುದಿ ಬಂತು, ಈಗ ತಿರುಗಿಸು ಎಂದು ಸದ್ದಿನ ಮೇಲೇ ಹೇಳುತ್ತಿದ್ದರು. ನಾಲ್ಕು ದಿನ ನಾನು ಹಲ್ಲು ಕಡಿದುಕೊಂಡು ತೀಡಿದೆ. ಐದನೆಯ ದಿನ, ತಿರುಗಿಸು ಎಂದು ಅವರು ಹೇಳುವ ಮೊದಲೇ ಕೈ ತಾನಾಗಿ ತಿರುಗಿತು. ತಾತ ಅಂದು ಏನೂ ಹೇಳಲಿಲ್ಲ. ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದನ್ನು ಅಜ್ಜಿ ತನ್ನ ಮದುವೆಯಾದಾಗಿನಿಂದ ಕಂಡಿರಲಿಲ್ಲವಂತೆ.

ಡಾಕ್ಟರು ಕೊಟ್ಟ ಕೊನೆಯ ದಿನ ಬಂತು. ಬುಧವಾರವಾದ್ದರಿಂದ ಬುಧವಾರದ ಕತ್ತಿ. ತಾತ ತಮ್ಮ ಹಳೆಯ ಕುರ್ಚಿಯಲ್ಲಿ ಕೂತರು. ನಾನು ಬಟ್ಟೆಯ ಮೇಲೆ ಇಪ್ಪತ್ತು, ತೊಗಲಿನ ಮೇಲೆ ಐವತ್ತು ಎಣಿಸಿ ತೀಡಿದೆ. ಅವರು ತಮ್ಮ ಮುಂಗೈಯ ಒಂದು ಕೂದಲಿಗೆ ಕತ್ತಿಯನ್ನು ತಾಗಿಸಿ ನೋಡಿದರು. ಕೂದಲು ಬಿತ್ತು. ಕತ್ತಿಯನ್ನು ಚಾಚಿ, ಎಲ್ಲಿ ಅವನು ಎಂದು ಅಪ್ಪನನ್ನು ಕರೆದರು.

"ತಗೋ. ಇದು ಅರ್ಧ ಬ್ಲೇಡಲ್ಲ, ನೋಡ್ಕೊಂಡು ಹಿಡಿ."

ಅಪ್ಪ ಈ ಕತ್ತಿಗಳನ್ನು ಹಿಡಿದು ಇಪ್ಪತ್ತು ವರ್ಷವಾಗಿತ್ತು. ನೊರೆ ಹಚ್ಚಿದರು. ಅಜ್ಜಿ ಬಾಗಿಲಲ್ಲಿ ನಿಂತು, ಆಸ್ಪತ್ರೆಯವರು ಸಂಜೆಯವರೆಗೆ ಕಾಯುತ್ತಾರೋ ಕೇಳಿ ಎಂದಳು. ಬಲಗೆನ್ನೆ ಆಯಿತು. ಕತ್ತಿಯನ್ನು ಚೂರು ವಾಲಿಸು ಎಂದು ತಾತ ನೊರೆಯ ಒಳಗಿಂದಲೇ ತಿದ್ದಿದರು. ಎಡಗೆನ್ನೆ ಆಯಿತು. ಗಂಟಲ ಹತ್ತಿರ ಬಂದಾಗ ಮಾತ್ರ, ತಿದ್ದದೆ, ತಲೆಯನ್ನು ಹಿಂದಕ್ಕೆ ಒರಗಿಸಿ ಮಗನ ಕೈಗೆ ಪೂರ್ತಿ ಬಿಟ್ಟರು. ಅಪ್ಪ ಮೂರು ಎಳೆತ ಎಳೆದು, ಕತ್ತಿ ಒರೆಸಿ, ಮುಖಕ್ಕೆ ಒದ್ದೆ ಬಟ್ಟೆ ಒತ್ತಿದರು.

ತಾತ ಗಲ್ಲದಿಂದ ಕಿವಿಯವರೆಗೆ ಕೈಯ ಹಿಂಬದಿಯನ್ನು ಎಳೆದರು. ಇನ್ನೊಂದು ಬದಿಯೂ ಎಳೆದರು. ಒಂದು ಕೂದಲೂ ಸಿಗಲಿಲ್ಲ.