ಜೈತೂನನಿಗೆ ಹಬ್ಬದ ಪಾಲು

ಬೀದಿನಾಯಿಗೆ ಮನೆಯಲ್ಲಿ ಜಾಗ ಕೊಡುವುದು ದೊಡ್ಡ ಮಾತಲ್ಲ. ಕೊಟ್ಟ ಮೇಲೆ ಯಾರ ಮಾತು ಕೇಳುವುದು ಎನ್ನುವುದೇ ತಲೆನೋವು. ಸಿಲಿಯಾನಾ ಸೀಮೆಯ ಗುಡ್ಡದ ಬದಿಯಲ್ಲಿ ಕುರಿ ಸಾಕುವ ಸಾಲ್ಹಾಳಿಗೂ ಅದೇ ಆಯಿತು.

ಆಲಿವ್ ಉದುರಿಸುವ ಕಾಲದಲ್ಲಿ ಎಲ್ಲಿಂದಲೋ ಬಂದ ನಾಯಿ ಕಾಯಿ ಬೀಳಲೆಂದು ಮರದಡಿ ಹಾಸಿದ ಬಲೆಯ ಮೇಲೆ ಮಲಗಿತು. ಓಡಿಸಿದರೂ ಹೋಗಲಿಲ್ಲ. ಮಗಳು ರಿಹಾಬ್ ಅದಕ್ಕೆ ಜೈತೂನ್, ಅಂದರೆ ಆಲಿವ್, ಎಂದು ಹೆಸರಿಟ್ಟಳು. ಅದು ಬಂದ ಮೇಲೆ ನರಿಗಳು ಕುರಿಹಟ್ಟಿಯತ್ತ ಸುಳಿಯಲಿಲ್ಲ.

"ಇರ್ಲಿ ಬಿಡು," ಎಂದ ಗಂಡ ಹಮ್ಮಾದಿ.

"ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ," ಎಂದರು ಅತ್ತೆ ಖಮೀಸಾ.

ರಿಹಾಬ್ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಯಿಯ ಕುತ್ತಿಗೆ ತಬ್ಬಿ, ಅದೇ ಕೈಯಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದಳು.

ಬಕ್ರೀದ್ ಬಂತು. ಕುರಿ ಕೊಯ್ದಾಯಿತು. ಸಾಲ್ಹಾ ನೋಡಿದರೆ ಶ್ವಾಸಕೋಶದ ತುಂಬ ದ್ರಾಕ್ಷಿಯಂಥ ಬಿಳಿ ನೀರುಗುಳ್ಳೆಗಳು.

"ಇದನ್ನೇನು ಮಾಡ್ಲಿ ಅತ್ತೆ?"

"ಆ ನಾಯಿಗೆ ಎಸಿ. ಹಬ್ಬದ ದಿನ ಮೂಕಪ್ರಾಣಿ ಬರೀ ಹೊಟ್ಟೇಲಿರಬಾರದು."

"ಬೆಳಿಗ್ಗೆ ಅದನ್ನ ಓಡಿಸು ಅಂದ್ರಲ್ಲ?"

"ಬೆಳಗಿನ ಮಾತು ಬೆಳಗಿಗೆ. ಎಸಿ ಸುಮ್ನೆ."

ಸಾಲ್ಹಾ ಕೈ ಎತ್ತಿದಳು. ಹಬ್ಬಕ್ಕೆ ತವರಿಗೆ ಬಂದಿದ್ದ ನಾದಿನಿ ನಜೀಹಾ ಓಡಿ ಬಂದು ಕೈ ಹಿಡಿದಳು.

"ಬೇಡ ಅತ್ತಿಗೆ."

"ಯಾಕೆ, ನಾಯಿಗೆ ಕಾಯಿಲೆ ಬರುತ್ತಾ?"

"ನಾಯಿ ಚೆನ್ನಾಗೇ ಇರುತ್ತೆ. ಕಾಯಿಲೆ ಬರೋದು ರಿಹಾಬ್‌ಗೆ."

ಸಾಲ್ಹಾಳಿಗೆ ತಲೆಬುಡ ತಿಳಿಯಲಿಲ್ಲ. "ತಿನ್ನೋದು ನಾಯಿ, ಕಾಯಿಲೆ ಮಗೂಗಾ? ಅದ್ಹೇಗೆ?"

"ನನ್ನ ಪಕ್ಕೆ ಮೇಲಿನ ಹೊಲಿಗೆ ನೋಡಿದೀರಲ್ಲ? ಒಳಗಿಂದ ತೆಗೆದದ್ದು ಇಂಥದೇ ಗುಳ್ಳೆ. ಇದರಲ್ಲಿ ಹುಳದ ಮರಿ ಇರುತ್ತೆ. ನಾಯಿ ಹಸಿಯಾಗಿ ತಿಂದ್ರೆ ಅದರ ಕರುಳಲ್ಲಿ ಹುಳ ಬೆಳೆಯುತ್ತೆ. ಹುಳದ ಮೊಟ್ಟೆ ನಾಯಿ ಮಲದಲ್ಲಿ ಹೊರಗೆ ಬರುತ್ತೆ, ಕಣ್ಣಿಗೆ ಕಾಣಲ್ಲ. ಹುಲ್ಲಿಗೆ ಅಂಟಿದ್ದು ಕುರಿ ಹೊಟ್ಟೆಗೆ. ನಾಯಿ ಕೂದಲಿಗೆ ಅಂಟಿದ್ದು ಮಗು ಕೈಗೆ, ಕೈಯಿಂದ ಬಾಯಿಗೆ. ಆಮೇಲೆ ಒಳಗೇ ಇಂಥ ಗುಳ್ಳೆಯಾಗಿ ವರ್ಷಗಟ್ಟಲೆ ಸದ್ದಿಲ್ದೆ ಬೆಳೆಯುತ್ತೆ."

ಸಾಲ್ಹಾ ಕೈಯಲ್ಲಿದ್ದುದನ್ನೊಮ್ಮೆ, ಬಾಲ ಆಡಿಸುತ್ತಿದ್ದ ಜೈತೂನನನ್ನೊಮ್ಮೆ, ಅದರ ಬೆನ್ನಿಗೆ ಒರಗಿದ್ದ ಮಗಳನ್ನೊಮ್ಮೆ ನೋಡಿದಳು. ಕೈ ಕೆಳಗಿಳಿಸಿದಳು.

"ನಾನು ಮೊದ್ಲೇ ಹೇಳ್ಲಿಲ್ವಾ, ಓಡಿಸಿ ಅಂತ," ಎಂದರು ಖಮೀಸಾ.

"ಓಡಿಸಿದ್ರೆ ಪಕ್ಕದ ಹಟ್ಟೀಲಿ ತಿನ್ನುತ್ತೆ. ನಾಯಿದೇನಮ್ಮಾ ತಪ್ಪು? ಎಸೆಯೋ ಕೈ ನಮ್ದು," ಎಂದಳು ನಜೀಹಾ.

ಖಮೀಸಾ ಮಗಳ ಪಕ್ಕೆಯತ್ತ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ನೀನು ಚಿಕ್ಕೋಳಿದ್ದಾಗ ನಮ್ಮನೇಲಿ ಒಂದು ಕರಿ ನಾಯಿ ಇತ್ತಲ್ಲೇ?"

"ಹ್ಞೂಂ. ಅದರ ಪಕ್ಕದಲ್ಲೇ ಮಲಗ್ತಿದ್ದೆ."

"ಪ್ರತಿ ಹಬ್ಬಕ್ಕೂ ಅದಕ್ಕೆ ನಾನೇ ಇದನ್ನ ಹಾಕ್ತಿದ್ದೆ."

ನಜೀಹಾ ತಾಯಿಯ ಹೆಗಲ ಮೇಲೆ ಕೈಯಿಟ್ಟಳು. "ನಿಂಗೆ ಯಾರೂ ಹೇಳಿರ್ಲಿಲ್ಲಮ್ಮ."

ಹಮ್ಮಾದಿ ಆಳವಾದ ಗುಂಡಿ ತೋಡಿ ಆ ಶ್ವಾಸಕೋಶವನ್ನು ಹೂತ. ನಾಯಿ ಕೆದಕದಂತೆ ಮೇಲಿಡುವ ಕಲ್ಲನ್ನು ಖಮೀಸಾ ತಾವೇ ಹೊತ್ತು ತಂದರು. ಜೈತೂನ್ ಗುಂಡಿಯನ್ನೂ ಮನೆಯವರ ಮುಖವನ್ನೂ ಮಿಕಿಮಿಕಿ ನೋಡಿತು. ಹಬ್ಬದ ಊಟ ಮಣ್ಣಿಗೇಕೆ ಹೋಯಿತೆಂದು ಅದಕ್ಕೆ ಅರ್ಥವಾಗಲಿಲ್ಲ. ಸಾಲ್ಹಾ ಅದರ ಮುಂದೆ ಸಾರಿನಲ್ಲಿ ನೆನೆಸಿದ ರೊಟ್ಟಿ ಇಟ್ಟಳು, ರಿಹಾಬ್‌ಳ ಕೈಗೆ ಸೋಪು ಕೊಟ್ಟಳು. ಹಬ್ಬ ಮುಗಿದ ಮೇಲೆ ಜೈತೂನನನ್ನು ಪಶು ಆಸ್ಪತ್ರೆಗೆ ಕರೆದೊಯ್ದು ಹುಳದ ಮಾತ್ರೆ ಕೊಡಿಸಿದರು, ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಹಾಕಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ಬಂದ ನಾಯಿಯನ್ನು ಸಾಕಿ. ಕುರಿಯ ಒಳಭಾಗವನ್ನು ಹಸಿಯಾಗಿ ಹಾಕಬೇಡಿ, ಆಳವಾಗಿ ಹೂಳಿ. ಪಶುವೈದ್ಯರು ಹೇಳಿದಾಗ ಮಾತ್ರೆ, ಚುಚ್ಚುಮದ್ದು ಕೊಡಿಸಿ. ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸಿ. ಖಮೀಸಾಗೆ ಯಾರೂ ಹೇಳಿರಲಿಲ್ಲ. ನಿಮಗೆ ಈಗ ಹೇಳಿದ್ದೇವೆ.