ದೇವರ ಗಾಡಿಯ ಕೆಳಗೆ

"ಲೇ ಲೇ ಲೇ, ಆ ತಂಬಿಗಿ ಮುಟ್ಟಬ್ಯಾಡ ಬಾಡ್ಯಾ! ದೇವರ್ದದು!"

ಪಿಕಪ್ ಗಾಡಿಯ ಕೆಳಗಿನಿಂದ ಹೊರಗೆ ಚಾಚಿದ್ದ ತಾಯಪ್ಪನ ಕೈ ಅಲ್ಲೇ ನಿಂತಿತು. ಕಣ್ಣಿಗೆ ತುಕ್ಕಿನ ಪುಡಿ ಬಿದ್ದು ಉರಿಯುತ್ತಿತ್ತು. ಒಂದು ಬೊಗಸೆ ನೀರು ಬೇಕಾಗಿತ್ತು, ಅಷ್ಟೇ. ಸಾವಕಾರ ಮುರುಗೆಪ್ಪ ತಂಬಿಗೆಯನ್ನು ಎತ್ತಿ ಮೆಟ್ಟಿಲ ಮೇಲಿಟ್ಟ.

"ಗೇಟ್ ಕಡೆ ನಳ ಅದಲ್ಲ, ಕಣ್ಣು ಹೋಗ್ಯಾವೇನು?"

ಕಣ್ಣು ಹೋಗಿದ್ದವು ಅನ್ನುವುದು ನಿಜವೇ. ತಾಯಪ್ಪ ತೆವಳುತ್ತ ಹೊರಬಂದು, ತಡವರಿಸಿಕೊಂಡು ಹೋಗಿ, ಕಾರು ತೊಳೆಯುವ ನಳದಲ್ಲಿ ಮುಖಕ್ಕೆ ನೀರು ಹೊಡೆದುಕೊಂಡ.

ಅಂದು ಸೋಮವತಿ ಅಮಾವಾಸ್ಯೆ. ಪುಣೆಯ ಬಿಬವೇವಾಡಿಯ ಈ ಬಂಗಲೆಯಿಂದ ಜೇಜುರಿಯ ಗುಡಿಗೆ ಪಲ್ಲಕ್ಕಿ ಹೊರಡುವ ದಿನ. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಮುರುಗೆಪ್ಪ, ಮನೆದೇವರು ಮೈಲಾರಲಿಂಗನನ್ನು ಇದೇ ಗಾಡಿಯಲ್ಲಿ ಕೂರಿಸಿ, ಬಸ್ಸುಗಳಲ್ಲಿ ಕನ್ನಡದ ಮಂದಿಯನ್ನು ತುಂಬಿಸಿಕೊಂಡು ಮೆರವಣಿಗೆ ಹೋಗುತ್ತಿದ್ದ. ಉಳಿದ ದಿನಗಳಲ್ಲಿ ಇದೇ ಗಾಡಿಯಲ್ಲಿ ಮೆಣಸಿನಕಾಯಿ ಚೀಲ ಸಾಗಿಸುವವನು ತಾಯಪ್ಪ.

ಗಾಡಿಯ ಕುಲುಕು ತಡೆಯುವ ಹಿಂದಿನ ಎರಡೂ ಶಾಕಪ್ ಎಣ್ಣೆ ಕಾರಿಕೊಂಡು ಸತ್ತು ಎಷ್ಟೋ ಕಾಲವಾಗಿತ್ತು. ಚೀಲ ಹೇರಿಕೊಂಡು ರಾಂಜಣಗಾಂವದ ಕಡೆ ಹೋಗಿ ಬಂದರೆ ಸಾಕು, ರಾತ್ರಿ ಮಗ್ಗಲು ಬದಲಿಸುವುದಕ್ಕೂ ಆಗುತ್ತಿರಲಿಲ್ಲ. "ಸಾವಕಾರ್ರ, ಶಾಕಪ್ ಹೋಗ್ಯಾವ್ರಿ, ನಡಾ ಮುರೀಲಿಕತ್ತದ" ಎಂದರೆ, "ನಿನಗೇನ್ ಗಾಡ್ಯಾಗ ಗಾದಿ ಹಾಸ್ಲೇನು ಮಗನ?" ಎಂದು ಉತ್ತರ ಬರುತ್ತಿತ್ತು. ಕಳೆದ ಸೋಮವತಿಯಲ್ಲಿ ಜೇಜುರಿ ದಾರಿಯ ದಿವೇಘಾಟಿನ ಗುಂಡಿಗೆ ಗಾಡಿ ಇಳಿದು, ಪಲ್ಲಕ್ಕಿಯೊಳಗಿನ ಬೆಳ್ಳಿಯ ಮುಖವಾಡ ಮಗುಚಿ ಬಿತ್ತು. ಆಗ ನೋಡಿ, ಹೊಸ ಶಾಕಪ್ ತಾವಾಗಿಯೇ ಮನೆಗೆ ನಡೆದು ಬಂದವು!

"ಗ್ಯಾರೇಜಿಗೆ ಯಾಕ? ನೀ ಇದ್ದೀಯಲ್ಲ, ಮನಿ ಮುಂದ ಹಾಕಿಬಿಡು" ಎಂದಿದ್ದ ಮುರುಗೆಪ್ಪ.

ತಾಯಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ್ದ. "ಹಾಕ್ತೀನ್ರಿ. ಆದ್ರ ಈ ಸಲ ಪಲ್ಲಕ್ಕಿ ಗಾಡಿ ನಾನ ಹೊಡೀತೀನ್ರಿ, ಸಾವಕಾರ್ರ."

ಮುರುಗೆಪ್ಪನ ಬಾಯಲ್ಲಿ ಎಲೆ ಅಡಿಕೆ ಇತ್ತು. "ಹೂಂ, ಹೊಡೀಯಂತ" ಎಂದ.

ಆ ಒಂದು ಹೂಂ ಕಟ್ಟಿಕೊಂಡು ತಾಯಪ್ಪ ಯೇವಲೇವಾಡಿಯ ತನ್ನ ತಗಡಿನ ಕೋಣೆಗೆ ಹೋಗಿದ್ದ. ಹೆಂಡತಿ ಶಿವಬಸವ್ವ ಜ್ವರ ಬಂದು ಸತ್ತಿದ್ದು ಅದೇ ಕೋಣೆಯಲ್ಲಿ. ಅವಳು ಹೋದ ಮೇಲೆ "ಉಂಡ್ಯಾ?" ಎಂದು ಕೇಳುವವರು ಒಬ್ಬರೂ ಇರಲಿಲ್ಲ. ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಸಾವಕಾರನ ಮುಂದೆ "ಹೂಂ ರೀ". ಕೆಲವು ದಿನ ಹಲ್ಲುಜ್ಜಿದ್ದು ಬಿಟ್ಟರೆ ಬಾಯಿಗೆ ಬೇರೆ ಕೆಲಸವೇ ಇರುತ್ತಿರಲಿಲ್ಲ. ಪಲ್ಲಕ್ಕಿಯ ದಿನ ಮಾತ್ರ ಈ ಅಂಗಳ ತುಂಬ "ಯಕ್ಕಾ, ಸರಕೋ ಸ್ವಲ್ಪ", "ಅಣ್ಣಾ, ರೊಟ್ಟಿ ಬಿಚ್ಚೋ" ಎಂಬ ಮಾತು ಕೇಳುತ್ತಿತ್ತು. ಅದನ್ನು ಅವನು ಪ್ರತಿ ಸಲವೂ ಗೇಟಿನಾಚೆ ನಿಂತು ಕೇಳಿದ್ದ. ಈ ಸಲ ಗಾಡಿ ಹೊಡೆದರೆ ಮಂದಿಯ ನಡುವೆ ಕೂತು ಉಣ್ಣಬಹುದು. ಯಾರಾದರೂ "ಯಾವೂರಪ್ಪಾ ನಿಂದು?" ಎಂದು ಕೇಳಬಹುದು. ಅನ್ನಕ್ಕಿಡುತ್ತ ಇದನ್ನೆಲ್ಲ ಸತ್ತ ಹೆಂಡತಿಗೆ ಗಟ್ಟಿಯಾಗಿಯೇ ಹೇಳಿದ್ದ. ನಗು ಬಂತು.

ಇವತ್ತು ಗಾಡಿಯ ಕೆಳಗೆ ಹಳೆಯ ನಟ್ಟುಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಡೀಸೆಲ್ ಸುರಿದ, ಸುತ್ತಿಗೆಯಿಂದ ಬಡಿದ, ಅವುಗಳ ಅವ್ವ ಅಪ್ಪನನ್ನೆಲ್ಲ ಬೈದ. ಕೊನೆಗೆ ಒಂದು ಕಿರ್ರೆಂದು ಸಡಿಲಿತು, ಅದರ ಹಿಂದೆ ಇನ್ನೊಂದು. ಹಳೆಯ ಶಾಕಪ್ ಕೈಯಲ್ಲಿ ಒತ್ತಿದರೆ ಸತ್ತ ಹಾವಿನ ಹಾಗೆ ಒಳಗೆ ಹೋಗಿ ಅಲ್ಲೇ ಉಳಿಯಿತು. ಹೊಸದನ್ನು ಒತ್ತಿದ. ಅದು ನಿಧಾನಕ್ಕೆ, ಗತ್ತಿನಿಂದ ಮೇಲೆ ಬಂತು. ತಾಯಪ್ಪನಿಗೆ ಖುಷಿಯಾಯಿತು.

ಸಾವಕಾರನ ಹೆಂಡತಿ ಗೌರಾಬಾಯಿ ಚಹಾ ತಂದಳು. ಪೂಜೆಗೆ ಬಂದಿದ್ದ ಅಯ್ಯನೋರಿಗೆ ಸ್ಟೀಲಿನ ಲೋಟ. ತಾಯಪ್ಪನದು ಕಾಗದದ ಕಪ್ಪು, ನೆಲದ ಮೇಲೆ.

"ಮುಂಜಾನಿಂದ ಏನೂ ತಿಂದಿಲ್ಲೇನೋ ತಾಯಪ್ಪ?" ಎಂದಳು. ದನಿಯಲ್ಲಿ ಕನಿಕರವಿತ್ತು. ಸೀರೆಯ ಸೆರಗನ್ನು ಮಾತ್ರ ಬಿಗಿಯಾಗಿ ಹಿಂದಕ್ಕೆ ಎಳೆದು ಹಿಡಿದಿದ್ದಳು. "ಕುಡದು ಕಪ್ಪು ಹೊರಗ ಒಗದು ಬಾ."

ಶಾಕಪ್ ಕೂತವು. ಜಾಕ್ ಇಳಿಸಿ, ಗಾಡಿಯ ಭಾರ ಗಾಲಿಯ ಮೇಲೆ ಬಿದ್ದ ನಂತರವೇ ಕಡೆಯ ಬಿಗಿ ಹಾಕಬೇಕು. ಮೊದಲೇ ಹಾಕಿದರೆ ಒಳಗಿನ ರಬ್ಬರ್ ಹರಿಯುತ್ತದೆ. ತಾಯಪ್ಪ ಜಾಕ್ ಇಳಿಸಿ, ಕಪ್ಪು ಒಗೆದು, ಕೈಯ ಜಿಡ್ಡು ತೊಳೆಯಲು ನಳಕ್ಕೆ ಹೋದ. ತಿರುಗಿ ಬರುವಷ್ಟರಲ್ಲಿ ಅಯ್ಯನೋರು ಮುಹೂರ್ತ ಮೀರುತ್ತದೆಂದು ಗಾಡಿಗೆ ಗೋಮೂತ್ರ ಚಿಮುಕಿಸಿ, ಅರಿಸಿನದ ಭಂಡಾರ ಎರಚಿ, ಹಾರ ಹಾಕಿಯೂ ಆಗಿತ್ತು.

"ನಿಲ್ಲು, ನಿಲ್ಲು! ಮುಟ್ಟಬ್ಯಾಡ, ಗಾಡಿ ಶುದ್ಧ ಆಗೇದ!"

"ಕಡೀ ಬಿಗಿ ಉಳದದ್ರಿ, ಅಯ್ಯನೋರ."

"ಸ್ವಪ್ನಿಲ್ ಹಾಕ್ತಾನ ಬಿಡು" ಎಂದ ಮುರುಗೆಪ್ಪ.

ಮುರುಗೆಪ್ಪನ ತಂಗಿಯ ಮಗ ಸ್ವಪ್ನಿಲ್ ಜಳಕ ಮಾಡಿ, ಬಿಳಿ ಧೋತರ ಉಟ್ಟು ನಿಂತಿದ್ದ. ಗಾಡಿಯ ಚಾವಿ ಅವನ ಬೆರಳಲ್ಲಿ ಗಿರಗಿರ ತಿರುಗುತ್ತಿತ್ತು. "ಮೀ? ಮಾಮಾ, ಈ ಧೋತರದಾಗ ಒಳಗ ಹೋಗ್ಲೇನು? ಆಧೀಚ ಉಶೀರ, ಮೊದಲ ತಡಾ ಆಗೇದ."

ತಾಯಪ್ಪ ಚಾವಿಯನ್ನು ನೋಡಿದ. "ಗಾಡಿ ನಾ ಹೊಡೀತೀನಂತ ಮಾತಾಗಿತ್ತಲ್ರಿ, ಸಾವಕಾರ್ರ?"

ಅಂಗಳದಲ್ಲಿ ನೆರೆದಿದ್ದ ಮಂದಿ ತಿರುಗಿ ನೋಡಿದರು. ಮುರುಗೆಪ್ಪ ಮೊದಲು ನಕ್ಕ, ಆಮೇಲೆ ಮುಖ ಕೆಂಪಾಯಿತು.

"ಹುಚ್ಚು ಹಿಡದದೇನಲೇ ಸೂಳಿಮಗನ? ದೇವರ ಮುಂದ ನೀ ಕುಂಡ್ರತೀ? ಪುಣೆಕ್ಕ ಬಂದಕೂಡ್ಲೆ ಕೇರಿ ವಾಸ್ನಿ ಹೋತಂತ ತಿಳದೀ ಏನು? ಒಳಗ ಹೋಗು, ಬಿಗಿ ಹಾಕು, ಹಿಂದಿನ ಗೇಟ್ಲೆ ಹೊರಗ ಬೀಳು. ಪ್ರಸಾದ ಕಳಸ್ತೀನಿ."

"ಹೋಗಿ ಬರ್ಲಿ ಬಿಡ್ರಿ" ಎಂದರು ಅಯ್ಯನೋರು ಸಮಾಧಾನದಿಂದ. "ಮತ್ತೊಮ್ಮೆ ಚಿಮುಕಿಸಿದ್ರಾತು."

ನಟ್ಟು ಬಿಗಿಯುವ ಪಾನಾ ಒಗೆದು ಹೊರಟುಬಿಡಬಹುದಾಗಿತ್ತು. ಆದರೆ ಘಾಟಿನಲ್ಲಿ ನಟ್ಟು ಬಿಚ್ಚಿಕೊಂಡರೆ? ಗಾಡಿಯಲ್ಲಿ ಪಲ್ಲಕ್ಕಿ ಹಿಡಿದು ಕೂರುವ ಮಂದಿಯೂ ಮಂದಿಯೇ. ತಾಯಪ್ಪ ಒಳಗೆ ತೆವಳಿದ. ನಾಲ್ಕೂ ನಟ್ಟುಗಳನ್ನು ಮೈಯ ಬಲವೆಲ್ಲ ಹಾಕಿ ಬಿಗಿದ, ಕೈಯಿಂದ ಎಳೆದು ನೋಡಿದ. ಕೆಲಸ ಮುಗಿಯಿತು. ಆಗ ಅಳು ಬಂತು. ಶಿವಬಸವ್ವ ಹೋದಾಗಲೂ ಹೀಗೆ ಬಂದಿರಲಿಲ್ಲ.

"ಆತೇನಲೇ?"

"ಆತ್ರಿ."

"ಬಾ ಹೊರಗ."

"ಒಲ್ಲೆ."

"ಏನಂದಿ?"

"ಒಲ್ಲೆ ಅಂದೆ. ಇಲ್ಲೇ ಬಿದ್ದಿರ್ತೀನಿ."

ಅಷ್ಟರಲ್ಲಿ "ಏಳುಕೋಟಿ ಏಳುಕೋಟಿಗೋ!" ಎಂದು ಕೂಗುತ್ತ ಪಲ್ಲಕ್ಕಿ ಒಳಗಿನಿಂದ ಹೊರಬಂತು. ಒಮ್ಮೆ ಹೆಗಲಿಗೇರಿದ ಪಲ್ಲಕ್ಕಿ ಗಾಡಿಯ ಮೇಲೆಯೇ ಇಳಿಯಬೇಕು, ನೆಲ ಮುಟ್ಟುವ ಹಾಗಿಲ್ಲ. ಹೊತ್ತವರು ಗಾಡಿಯ ಹಿಂದೆ ಬಂದು ನಿಂತರು.

"ಅವ ಕೆಳಗ ಇರೂತನ ಮ್ಯಾಲ ಇಡಾಕ ಬರೂದಿಲ್ಲ" ಎಂದರು ಅಯ್ಯನೋರು.

"ಸ್ವಪ್ನಿಲ್, ಎಳದು ಒಗಿ ಆ ಹಲ್ಕಟ್‌ನ!"

"ಮಾಮಾ, ನಾ ಮಡೀಲಿದ್ದೀನಿ. ಮುಟ್ಟಿದ್ರ ಮತ್ತ ಜಳಕಾ ಮಾಡಬೇಕು."

ಮುರುಗೆಪ್ಪ ಒಂದು ಬಿದಿರು ಗಳ ತಂದು ಗಾಡಿಯ ಕೆಳಗೆ ತಿವಿದ, ಗಟಾರಿನಲ್ಲಿ ಹೊಕ್ಕ ಹಂದಿಯನ್ನು ಎಬ್ಬಿಸುವ ಹಾಗೆ. ಪಕ್ಕೆಗೆ ಬಿತ್ತು, ಕಿವಿಗೆ ಬಿತ್ತು. ಮೂರನೆಯ ಸಲ ತಾಯಪ್ಪ ಗಳದ ತುದಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಮುರುಗೆಪ್ಪ ಬೆಂಕಿ ತಾಗಿದವನಂತೆ ತನ್ನ ತುದಿಯನ್ನು ಬಿಟ್ಟು ಹಿಂದಕ್ಕೆ ಹಾರಿದ.

"ಗಳಾ ಬ್ಯಾಡ್ರಿ" ಎಂದ ತಾಯಪ್ಪ ಕೆಳಗಿನಿಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಕೈ ಹಚ್ರಿ. ನನ್ನ ಕಾಲು ಹಿಡದು ಎಳೀರಿ, ಬರ್ತೀನಿ."

ಪಲ್ಲಕ್ಕಿ ಹೊತ್ತವರ ಹೆಗಲು ನಡುಗತೊಡಗಿತ್ತು. "ಎಷ್ಟೊತ್ತು ಹಿಂಗ ಹೊರೂದ್ರಿ?" ಎಂದು ಒಬ್ಬ ಕೇಳಿದ. "ನೀ ಹಿಡೀ", "ನೀನ ಹಿಡೀ" ಎಂದು ಮಂದಿ ಒಬ್ಬರನ್ನೊಬ್ಬರು ನೋಡಿಕೊಂಡರು. ಗಾಡಿಯ ಹಿಂದೆ ಎರಡು ಬರಿಗಾಲು ಹೊರಗೆ ಚಾಚಿಕೊಂಡಿದ್ದವು.

"ಯಾರರೆ ಒಬ್ರು ಬರ್ರಿ" ಎಂದ ತಾಯಪ್ಪ. "ಇಷ್ಟ ಮಂದಿ ಇದ್ದೀರಿ. ಒಬ್ರರೆ ಮುಟ್ರಿ."

ಯಾರೂ ಬಗ್ಗಲಿಲ್ಲ.