ಸೋತವರು ಬಡಿಸುವ ಊಟ

ಸಗಣಿ ನೀರು ಹಾಕಿ ಸಾರಿಸಿದ ಮಣ್ಣು ಬಿಸಿಲಿಗೆ ಒಣಗುವಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಹುಲ್ಲು, ಸ್ವಲ್ಪ ಹೊಗೆ, ಸ್ವಲ್ಪ ಆಗತಾನೆ ತೊಳೆದ ಪಾತ್ರೆ. ನನ್ನ ಬಾಲ್ಯದ ವಾಸನೆ ಅದೇ. ನಮ್ಮ ಹಿತ್ತಿಲ ಗೋಡೆಯಾಚೆ ಟೌನ್ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಅಂಕಣವಿತ್ತು. ಸಿಮೆಂಟಿನದಲ್ಲ, ಮಣ್ಣಿನದು. ಧೂಳು ಏಳದಿರಲಿ, ಚೆಂಡು ಸರಿಯಾಗಿ ಪುಟಿಯಲಿ ಎಂದು ಅದನ್ನು ಆಗಾಗ ಸಾರಿಸುತ್ತಿದ್ದರು. ಸಾರಿಸುತ್ತಿದ್ದವಳು ಚೌಡಮ್ಮ. ಗೋಡೆಯ ಮೇಲೆ ಗಲ್ಲವೂರಿ ನಾನು ನೋಡುತ್ತಿದ್ದೆ. ಅವಳ ಬೆರಳುಗಳು ನೆಲದ ಮೇಲೆ ಅರ್ಧಚಂದ್ರಗಳನ್ನು ಬಿಡಿಸುತ್ತ ಹೋಗುತ್ತಿದ್ದವು, ಒಂದರ ಮಗ್ಗುಲಿಗೆ ಒಂದು. ಸಂಜೆ ಆಟಗಾರರು ಬಂದು ತುಳಿಯುವವರೆಗೆ ಅವಕ್ಕೆ ಆಯುಸ್ಸು.

ನಮ್ಮ ಸೀಬೆ ಮರದ ಹಣ್ಣು ಆಚೆ ಬಿದ್ದರೆ ಅವಳು ಅದನ್ನು ಸೆರಗಿನಿಂದ ಒರೆಸಿ ಗೋಡೆಯ ಮೇಲೆ ಇಡುತ್ತಿದ್ದಳು. ನಾನು ಕೈ ಚಾಚಿಕೊಂಡಿದ್ದರೂ ಕೈಗೆ ಕೊಡುತ್ತಿರಲಿಲ್ಲ. ಏಕೆ ಎಂದು ನನಗೆ ಆಗ ಹೊಳೆದಿರಲಿಲ್ಲ.

ಅವಳ ಒಬ್ಬಳೇ ಮಗಳು ಸಣ್ಣತಾಯಿ. ಹೆಸರಿಟ್ಟವರು ಮುಂದಿನದನ್ನು ಊಹಿಸಿರಲಿಲ್ಲ. ಹದಿನಾರರ ಹೊತ್ತಿಗೆ ಆ ಹುಡುಗಿ ನಮ್ಮೂರ ಗಂಡಸರ ತಲೆಯ ಮೇಲಿಂದ ಬೀದಿ ನೋಡುತ್ತಿದ್ದಳು. ಸೈಕಲ್ ಅಂಗಡಿಯವನು ದಿನಾ ಕೂಗುತ್ತಿದ್ದ, “ಸಣ್ಣೀ, ಮೇಲ್ಗಡೆ ಮೋಡ ಆಗದಾ?” ಎಂದು. “ಮೋಡ ಕಾಣಲ್ಲ ಕಣಣ್ಣೋ, ನಿನ್ ಬೋಡು ತಲೆನೇ ಅಡ್ಡ ಬತ್ತದೆ,” ಎಂದು ಇವಳು ನಿಲ್ಲದೆ ನಡೆಯುತ್ತಿದ್ದಳು.

ಅವಳ ಕೈಗೆ ಮೊದಲು ಚೆಂಡು ಕೊಟ್ಟವರು ವಿಷಕಂಠಯ್ಯ ಮೇಷ್ಟ್ರು. ಕ್ಲಬ್ಬಿನ ತರಬೇತುದಾರರು; ಮೊಣಕಾಲಿಗೆ ಎತ್ತಿ ಕಟ್ಟಿದ ಬಿಳಿ ಪಂಚೆ, ಕೊರಳಲ್ಲಿ ಸೀಟಿ. ಚೆಂಡು ಕೊಟ್ಟದ್ದನ್ನು ಅವರ ಲೆಕ್ಕಕ್ಕೆ ಬರೆದೇ ಮುಂದಿನದನ್ನು ಹೇಳಬೇಕು. ಸಣ್ಣತಾಯಿಯನ್ನು ಅವರು ತಂಡದ ಸೆಂಟರ್ ಆಗಿ ರಿಂಗಿನ ಕೆಳಗೆ ನಿಲ್ಲಿಸಿದರು. ಅಲ್ಲಿಗೆ ಎದುರಾಳಿಗಳ ಕತೆ ಮುಗಿಯಿತು. ರಿಂಗಿಗೆ ಬಡಿದು ಮರಳುವ ಪ್ರತಿ ಚೆಂಡೂ ಅವಳದೇ. ಕೈ ಮೇಲೆತ್ತಿದರೆ ಕಸಿಯುವವರಿಲ್ಲ; ತಿರುಗಿ ಹಾಕಿದರೆ ತಡೆಯುವವರಿಲ್ಲ.

ಆದರೆ ಮೇಷ್ಟ್ರು ಅಲ್ಲೊಂದು ಸುಣ್ಣದ ಗೆರೆಯೆಳೆದು, ಅದನ್ನು ದಾಟಬಾರದೆಂದು ಅವಳಿಗೆ ಅಪ್ಪಣೆ ಮಾಡಿದ್ದರು. ಚೆಂಡು ಪುಟಿಸಬಾರದು, ದೂರದಿಂದ ಎಸೆಯಬಾರದು, ಯಾರಿಗೂ ಕೊಡಬಾರದು. ಸಿಕ್ಕಿದರೆ ಹಾಕು, ಬುದ್ಧಿ ಓಡಿಸಬೇಡ. ಇವಳು ಇನ್ನೂ ಎಷ್ಟು ಚೆನ್ನಾಗಿ ಆಡಬಹುದು ಎಂದು ಕಾಫಿ ಕ್ಲಬ್ಬಿನಲ್ಲಿ ಯಾರೋ ಕೇಳಿದಾಗ ಅವರು ಲೋಟ ಕೆಳಗಿಟ್ಟು ಹೇಳಿದರಂತೆ: “ಅದು ಗಳ ಕಣ್ರೀ. ಗಳ ಉದ್ದ ಬೆಳೀತದೆ, ನೆಟ್ಟಲ್ಲಿ ನಿಲ್ತದೆ. ಕಲಿಯೋದಿಲ್ಲ. ಅವಳ ಆಟ ಇಷ್ಟೇ, ಮುಗೀತು.”

ಆ ಮಾತು ಸಂಜೆಯೊಳಗೆ ಅವಳ ಕಿವಿಗೆ ಬಿತ್ತು. ನಕ್ಕುಬಿಟ್ಟಳು. ಅವಳನ್ನು ಕೆರಳಿಸಿದ್ದು ಆ ಮಾತಲ್ಲ.

ನಮ್ಮೂರ ಪಂದ್ಯಾವಳಿಗೆ ಒಂದು ಪದ್ಧತಿಯಿತ್ತು. ಅಂತಿಮ ಪಂದ್ಯ ಮುಗಿದ ಸಂಜೆ ಅಂಕಣದ ಬದಿಯಲ್ಲೇ ಊಟ; ಸೋತವರು ಗೆದ್ದವರಿಗೆ ಬಡಿಸಬೇಕು, ತರಬೇತುದಾರರೂ ಸೇರಿ. ಬಡಿಸಿದ ಕೈಯಲ್ಲಿ ಹಗೆ ಉಳಿಯುವುದಿಲ್ಲ ಎಂದು ಹಿಂದಿನವರು ಮಾಡಿದ್ದು. ಆ ವರ್ಷ ಕ್ಲಬ್ಬಿನ ಹುಡುಗಿಯರು ನಾನು ಆಡುತ್ತಿದ್ದ ಕಾಲೇಜು ತಂಡವನ್ನು ಸೋಲಿಸಿದರು. ಸೋಲಿಸಿದ್ದು ಸಣ್ಣತಾಯಿಯೊಬ್ಬಳೇ ಎಂದರೂ ತಪ್ಪಿಲ್ಲ. ನಾವು ಸೊಂಟಕ್ಕೆ ಸೆರಗು ಬಿಗಿದು ಬಕೆಟ್ ಹಿಡಿದೆವು. ನನ್ನ ಪಾಲಿಗೆ ಸಾರು ಬಂದಿತ್ತು. ನಾನು ಸಣ್ಣತಾಯಿಯ ಎಲೆಯ ಹತ್ತಿರ ಬರುವಾಗ ಮೇಷ್ಟ್ರು ಹಿಂದಿನಿಂದ ಬಂದರು. ಬಾಗಿದರು. ಅವಳ ಎಲೆಯನ್ನು ನಡುವಿಗೆ ಮಡಚಿದರು.

“ನೀನು ಏಳಮ್ಮ. ಆಮೇಲೆ ಆ ಕಡೆ ನಿಮ್ಮಮ್ಮನ ಜೊತೆ ಉಂಡರಾಯ್ತು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿನ ಟೋಪಿ ಸರಿಪಡಿಸುವಷ್ಟು ಮೆತ್ತಗೆ ಹೇಳಿದರು. ಅದೇ ನನಗೆ ಇಂದಿಗೂ ತಡೆಯಲಾಗದ್ದು.

ನಾನು ಬಕೆಟ್ಟನ್ನು ಅಲ್ಲೇ ಇಟ್ಟು ಅವಳ ಹಿಂದೆ ಹೋದೆ. ನಲ್ಲಿಯ ಬಳಿ ಅವಳು ಕೈ ತೊಳೆಯುತ್ತಿದ್ದಳು, ಉಣ್ಣದ ಕೈಯನ್ನು. ತಿರುಗಿ ನೋಡದೆ, “ನಿಮ್ ಕಾಲೇಜಲ್ಲಿ ನಂಗೊಂದು ಸೀಟು ಸಿಕ್ಕದಾ?” ಎಂದಳು.

ಸಿಕ್ಕಿತು. ಮೊದಲ ದಿನವೇ ಅವಳು ನನ್ನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ತನಗೇನು ಬೇಕೆಂದು ಹೇಳಿದಳು. ಕಪ್ ಬೇಡ. ಪೇಪರಿನಲ್ಲಿ ಫೋಟೊ ಬೇಡ. “ಮುಂದಿನ್ ಸಲ ಆ ಮೇಷ್ಟ್ರು ಬಕೆಟ್ ಹಿಡ್ಕಂಡು ನನ್ ಎಲೆ ಮುಂದೆ ಬಗ್ಗಬೇಕು. ಅಷ್ಟೇ ಕಣೆ.”

ನನ್ನನ್ನು ಎಲ್ಲರೂ ಸೌಮ್ಯ ಸ್ವಭಾವದವಳು ಎನ್ನುತ್ತಿದ್ದರು. ಈಗಲೂ ಮೊಮ್ಮಕ್ಕಳು ಹಾಗೆಯೇ ಅನ್ನುತ್ತಾರೆ. ಆ ವರ್ಷ ಮಾತ್ರ ನನಗೆ ಹಗೆಯ ರುಚಿ ಹತ್ತಿತು. ಬೆಳಿಗ್ಗೆ ಎದ್ದರೆ ಅದು ಬಾಯಲ್ಲಿ ಉಪ್ಪಿನ ಹರಳಿನಂತೆ ಇರುತ್ತಿತ್ತು. ಅಂಕಣದಲ್ಲಿ ಅವಳಿಗೆ ಚೆಂಡು ತಲುಪಿಸುವುದು ನನ್ನ ಕೆಲಸ. ನಾನು ಅವಳಿಗೆ ಚೆಂಡನ್ನೂ ಎಸೆಯುತ್ತಿದ್ದೆ, ಅವಳು ದಣಿದು ಕೂತಾಗ ಆ ಮಡಚಿದ ಎಲೆಯ ನೆನಪನ್ನೂ ಎಸೆಯುತ್ತಿದ್ದೆ. ಅವಳು ಹಲ್ಲು ಕಚ್ಚಿ ಏಳುತ್ತಿದ್ದಳು.

ಹಗೆಗೆ ಇಷ್ಟೊಂದು ಶ್ರದ್ಧೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲು ಚೆಂಡು ಪುಟಿಸುವುದನ್ನು ಕಲಿತಳು. ಅಷ್ಟು ಎತ್ತರದಿಂದ ಚೆಂಡು ನೆಲ ಮುಟ್ಟಿ ಬರುವಷ್ಟರಲ್ಲಿ ಯಾರಾದರೂ ಕದಿಯುತ್ತಾರೆಂದು ಮಂಡಿ ಬಗ್ಗಿಸಿ, ಕೋಳಿಯಂತೆ ಕುಕ್ಕರಿಸಿ ಓಡಾಡಿದಳು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆಮೇಲೆ ಎಡಗೈ. ಬಲಗೈಯನ್ನು ದಾವಣಿಯಿಂದ ಸೊಂಟಕ್ಕೆ ಬಿಗಿದುಕೊಂಡು ಎಡಗೈಯೊಂದರಲ್ಲೇ ಎಸೆದಳು. ಚೆಂಡು ಗೋಡೆ ಹಾರಿ ಪ್ರಿನ್ಸಿಪಾಲರ ಗುಲಾಬಿ ಗಿಡಗಳನ್ನು ಮುರಿಯಿತು. ತೋಟಗಾರ ಮುರಿದ ಕೊಂಬೆಗಳನ್ನೆಲ್ಲ ಬೇರೆ ಕುಂಡಗಳಲ್ಲಿ ನೆಟ್ಟು, ಸವರಿದ್ದೇನೆ ಎಂದು ಪ್ರಿನ್ಸಿಪಾಲರಿಗೆ ಹೇಳಿದ. ಹಾಸ್ಟೆಲಿನ ಅಡುಗೆಯಾಕೆ ಇವಳ ತಟ್ಟೆಗೆ ಮುದ್ದೆ ಹಾಕುವಾಗ ಬೇರೆ ಕಡೆ ನೋಡಿಕೊಂಡು ಇನ್ನೊಂದನ್ನೂ ಬೀಳಿಸುತ್ತಿದ್ದಳು. ಇವೆಲ್ಲ ಸಣ್ಣ ಸಂಗತಿಗಳು. ಆದರೆ ಅವಳ ಎತ್ತರಕ್ಕೆ ಯಾವ ಸಮವಸ್ತ್ರವೂ ಸಾಲದೆ ಹೋದಾಗ ಟೈಲರ್ ಎರಡು ಅಂಗಿ ಜೋಡಿಸಿ, ಹೊಲಿಗೆಯ ಗೆರೆ ಕಾಣದಂತೆ ಮೇಲೊಂದು ಪಟ್ಟಿ ಹಾಕಿದ್ದನ್ನು ನಾನು ಮರೆತಿಲ್ಲ. ಯಾರೂ ಕೇಳದಿದ್ದರೂ ಉಳಿದ ನಮ್ಮೆಲ್ಲರ ಅಂಗಿಗೂ ಅವನು ಅದೇ ಪಟ್ಟಿ ಹಾಕಿಕೊಟ್ಟ.

ದಿನ ಕಳೆದಂತೆ ನನಗೆ ಒಂದು ಬಗೆಯ ಭಯವಾಗತೊಡಗಿತು. ಇಲ್ಲಿಗೆ ಮುಗಿಯಿತು, ಇನ್ನು ಇವಳು ಕಲಿಯುವುದೇನಿದೆ ಎಂದು ನಾನು ಅಂದುಕೊಂಡಾಗಲೆಲ್ಲ ಅವಳು ಮತ್ತೊಂದನ್ನು ಕಲಿತು ಬರುತ್ತಿದ್ದಳು. ಆ ಹುಡುಗಿಗೆ ತುದಿಯೇ ಇರಲಿಲ್ಲ.

ಮತ್ತೆ ಅಂತಿಮ ಪಂದ್ಯ ಬಂತು. ಮತ್ತೆ ಕ್ಲಬ್, ಮತ್ತೆ ನಾವು. ಅಂಕಣವನ್ನು ಪಂದ್ಯದ ಹಿಂದಿನ ದಿನ ಸಾರಿಸಿ, ಒಂದು ಹಗಲು ಒಣಗಲು ಬಿಡುವುದು ವಾಡಿಕೆ. ಪಂದ್ಯದ ದಿನ ಬೆಳಿಗ್ಗೆ ನನಗೆ ಎಚ್ಚರವಾದದ್ದು ವಾಸನೆಯಿಂದ. ಹಸಿ ವಾಸನೆ. ಗೋಡೆಯ ಬಳಿ ಹೋಗಿ ನೋಡಿದೆ. ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಚೌಡಮ್ಮ ಎರಡೂ ರಿಂಗುಗಳ ಕೆಳಗೆ, ಅಷ್ಟೇ ಜಾಗವನ್ನು, ಮತ್ತೊಮ್ಮೆ ದಪ್ಪಗೆ ಸಾರಿಸುತ್ತಿದ್ದಳು. ಮಧ್ಯಾಹ್ನದ ಪಂದ್ಯದ ಹೊತ್ತಿಗೆ ಅದು ಒಣಗುವ ಮಾತೇ ಇರಲಿಲ್ಲ. ಕ್ಲಬ್ಬಿನ ಗಿಡ್ಡ ಹುಡುಗಿಯರು ಹೊರಗಿನಿಂದಲೇ ಚೆಂಡು ಎಸೆಯುತ್ತಾರೆ. ಒಳಗೆ ನಿಂತು ನೆಗೆಯಬೇಕಾದವಳು ಜಾರುತ್ತಾಳೆ. ಅದೇ ಮೇಷ್ಟ್ರ ಉಪಾಯ. ತಾಯಿಯ ಕೈಯಿಂದಲೇ ಮಗಳಿಗೆ ಜಾರುಬಂಡೆ.

ನಾನು ಓಡಿಹೋಗಿ, ಪಂದ್ಯಕ್ಕೆಂದು ಹಾಸ್ಟೆಲಿನಿಂದ ಮನೆಗೆ ಬಂದಿದ್ದ ಸಣ್ಣತಾಯಿಗೆ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು. ಅವ್ವ ಮೇಷ್ಟ್ರ ಅಪ್ಪಣೆಯಂತೆ ಸಾರಿಸಲು ಹೊರಡುವ ಮುಂಚೆಯೇ ಹೇಳಿದ್ದಳಂತೆ: “ಅವ್ರು ತೋರ್ಸಿದ್ ಕಡೆ ಸಾರ್ಸೋದು ನನ್ ಕೆಲ್ಸ ಕಣವ್ವ. ಎಲ್ಲಿ ನಿಂತ್ಕಂಡು ಆಡ್ಬೇಕೋ, ಅದು ನಿಂದು.”

ಆಟ ಶುರುವಾಯಿತು. ಮೇಷ್ಟ್ರು ಮೂವರು ಹುಡುಗಿಯರನ್ನು ರಿಂಗಿನ ಕೆಳಗೆ, ಒದ್ದೆ ನೆಲದ ಮೇಲೆ, ಅವಳಿಗಾಗಿ ಕಾಯಲು ನಿಲ್ಲಿಸಿದ್ದರು. ಅವಳು ಅಲ್ಲಿಗೆ ಹೋಗಲೇ ಇಲ್ಲ. ದೂರದಲ್ಲಿ, ಒಣ ನೆಲದಲ್ಲಿ ನಿಂತು ನನ್ನಿಂದ ಚೆಂಡು ತೆಗೆದುಕೊಂಡಳು. ಎತ್ತರದಿಂದ ಒಮ್ಮೆ ನೋಡಿ, ಎಸೆದಳು. ಬಿತ್ತು. ಮತ್ತೊಮ್ಮೆ. ಬಿತ್ತು. ಕ್ಲಬ್ಬಿನವರು ಅವಳತ್ತ ಓಡಿ ಬಂದರೆ ಮಂಡಿ ಬಗ್ಗಿಸಿ, ಚೆಂಡನ್ನು ಎಡಗೈಗೆ ಬದಲಿಸಿ ಅವರ ಪಕ್ಕದಿಂದ ನುಸುಳಿದಳು. ಕಾಯುತ್ತಿದ್ದ ಮೂವರು ತಿರುಗಲು ಹೋಗಿ ತಮ್ಮ ಮೇಷ್ಟ್ರು ಮಾಡಿಸಿದ ಕೆಸರಿನಲ್ಲಿ ತಾವೇ ಜಾರಿ ಕೂತರು. ಜನ ನಕ್ಕರು. ಆ ನಗು ನನಗೆ ಜೇನಿನಂತೆ ಇಳಿಯಿತು, ಸುಳ್ಳು ಹೇಳುವುದಿಲ್ಲ.

ಮೇಷ್ಟ್ರು ಗೆರೆಯಂಚಿಗೆ ಬಂದು ಏನೇನೋ ಕೂಗುತ್ತಿದ್ದರು. ಅವರು ತಡೆಯುತ್ತಿದ್ದದ್ದು ಹಿಂದಿನ ವರ್ಷದ ಸಣ್ಣತಾಯಿಯನ್ನು. ಆ ಹುಡುಗಿ ಅಲ್ಲಿ ಇರಲೇ ಇಲ್ಲ.

ಕೊನೆಗೆ ಐವರೂ ಅವಳೊಬ್ಬಳ ಮೇಲೆ ಮುಗಿಬಿದ್ದಾಗ ಅವಳು ಎಂದೂ ಮಾಡದಿದ್ದ ಕೆಲಸ ಮಾಡಿದಳು. ಅವರ ತಲೆಗಳ ಮೇಲಿಂದ ಚೆಂಡನ್ನು ನನಗೆ ಕೊಟ್ಟಳು. ನನ್ನ ಸುತ್ತ ಯಾರೂ ಇರಲಿಲ್ಲ. ಹಾಕಿದೆ. ಆಟ ಮುಗಿದ ಸೀಟಿ ಮೊಳಗಿತು; ನಾವು ಗೆದ್ದಿದ್ದೆವು.

ಸಂಜೆ ಎಲೆಗಳನ್ನು ಹಾಸಿದರು. ನಾವೆಲ್ಲ ಸಾಲಾಗಿ ಕೂತೆವು. ಮೊದಲ ಎಲೆ ಸಣ್ಣತಾಯಿಯದು, ಅದರ ಮುಂದೆ ಮಾತ್ರ ಯಾರೂ ಕೂತಿರಲಿಲ್ಲ. ಅವಳು ನಲ್ಲಿಯ ಬಳಿಯಿಂದ ಅವ್ವನ ರಟ್ಟೆ ಹಿಡಿದು ಕರೆತಂದಳು. ಚೌಡಮ್ಮ, “ಬ್ಯಾಡ ಬುಡು ಮಗ, ಬ್ಯಾಡ ಬುಡು,” ಎಂದು ಗೊಣಗುತ್ತಿದ್ದಳು. ಮಗಳು ಅವಳನ್ನು ಆ ಎಲೆಯ ಮುಂದೆ ಕೂರಿಸಿ ತಾನು ಹಿಂದೆ ನಿಂತಳು. ಇದನ್ನು ಅವಳು ನನಗೂ ಹೇಳಿರಲಿಲ್ಲ.

ಮೇಷ್ಟ್ರು ಅನ್ನದ ಬಕೆಟ್ ಹಿಡಿದು ಬಂದರು. ನಿಂತರು. ಅವರ ಕಣ್ಣು ಎಲೆಯ ತುದಿಯ ಮೇಲಿತ್ತು. ನಾನು ನನ್ನ ಎಲೆಯ ತುದಿಗೆ ಕೈಯಿಟ್ಟೆ, ಅದನ್ನು ಮಡಚಿದರೆ ಇದನ್ನೂ ಮಡಚುತ್ತೇನೆ ಎಂಬಂತೆ. ಪಕ್ಕದವಳೂ ತನ್ನ ಎಲೆಗೆ ಕೈಯಿಟ್ಟಳು. ಅದರಾಚೆಯವಳೂ ಇಟ್ಟಳು.

ಅವರು ಬಾಗಿ ಒಂದು ಸೌಟು ಬಡಿಸಿದರು.

“ಇನ್ನೊಂಚೂರು ಹಾಕಿ ಮೇಷ್ಟ್ರೇ,” ಎಂದಳು ಸಣ್ಣತಾಯಿ ಮೇಲಿನಿಂದ, ಅವರ ಹಳೆಯ ದನಿಯಷ್ಟೇ ಮೆತ್ತಗೆ. “ನಮ್ಮವ್ವ ಬೆಳಗಿಂದ ಉಂಡಿಲ್ಲ. ನೀವು ತೋರ್ಸಿದ್ ಕಡೆ ಸಾರಿಸ್ತಿದ್ಲು.”

ಅವರ ಕಿವಿ ಕೆಂಪಗಾಯಿತು. ಮತ್ತೊಂದು ಸೌಟು ಹಾಕಿ ಮುಂದಕ್ಕೆ ಸರಿದರು.

ಗೆದ್ದವರು ಎದ್ದ ಮೇಲೆ ಸೋತವರ ಸರದಿ. ಅನ್ನ ಆಗಲೇ ತಳ ಕಂಡಿತ್ತು. ಮೇಷ್ಟ್ರು ಇದ್ದಷ್ಟನ್ನೂ ತಮ್ಮ ಹುಡುಗಿಯರಿಗೆ ಬಡಿಸಿದರು. ಅದೊಂದು ಗುಣ ಅವರಲ್ಲಿತ್ತು. ಆಮೇಲೆ ಅಂಕಣದ ಆಚೆ ಬದಿಯ ಕಲ್ಲಿನ ಮೇಲೆ ಒಬ್ಬರೇ ಹೋಗಿ ಕೂತರು. ಯಾರೂ ಅದನ್ನು ಗಮನಿಸಲಿಲ್ಲ. ಗಮನಿಸಿದವಳು ಚೌಡಮ್ಮ. ಅವಳು ಕೈ ತೊಳೆದು, ಹೊಸದೊಂದು ಎಲೆ ತೆಗೆದು, ಹಂಡೆಯ ತಳ ಕೆರೆದು ಅನ್ನ ಹಾಕಿಕೊಂಡಳು. ಸಾರು, ಉಪ್ಪಿನಕಾಯಿ. ಸಣ್ಣತಾಯಿ ಅವಳ ಸೆರಗು ಹಿಡಿದಳು.

“ಎಲ್ಲಿಗೆ ಅವ್ವ? ಹಸ್ಕಂಡೇ ಮನೆಗ್ ಹೋಗ್ಲಿ ಆವಯ್ಯ.”

“ಬಡಿಸ್ದೋರಿಗೂ ಹೊಟ್ಟೆ ಇರ್ತದೆ,” ಎಂದಳು ಚೌಡಮ್ಮ.

ಸಣ್ಣತಾಯಿ ಎಲೆಯನ್ನು ನೋಡಿದಳು, ಆ ಕಡೆ ಕೂತವರನ್ನು ನೋಡಿದಳು, ಮತ್ತೆ ಅವ್ವನ ಕೈ ನೋಡಿದಳು. ಅವಳ ಮುಖದಲ್ಲಿ ಅಂಕಣದಲ್ಲಿ ನಾನು ಎಷ್ಟೋ ಸಲ ಕಂಡಿದ್ದ ಆ ಬೆಳಕು ಬಂತು, ಹೊಸದೊಂದು ಪಟ್ಟು ಹೊಳೆದಾಗಿನದು. ಅವಳು ಸೆರಗು ಬಿಟ್ಟಳು.

“ಹೋಗು,” ಎಂದಳು. “ಕಲ್ಲ್ ಮೇಲೆ ಇಟ್ ಬರ್ಬ್ಯಾಡ. ಕೈಗೇ ಕೊಡು.”

ಚೌಡಮ್ಮ ತಾನು ಸಾರಿಸಿದ ನೆಲದ ಮೇಲೆ ಬರಿಗಾಲಲ್ಲಿ ನಡೆದುಹೋದಳು. ಜನರೆಲ್ಲ ತಿಂದು ಹರಟುತ್ತಿದ್ದರು. ರಿಂಗಿನ ಕೆಳಗಿನ ಮಣ್ಣು ಈಗಷ್ಟೇ ಒಣಗತೊಡಗಿ, ಆ ವಾಸನೆ ಸಾರಿನ ಒಗ್ಗರಣೆಯ ಜೊತೆ ಬೆರೆತು ನಮ್ಮವರೆಗೂ ಬರುತ್ತಿತ್ತು. ಅವಳು ಮೇಷ್ಟ್ರ ಮುಂದೆ ನಿಂತು, ಉಗುರಿನ ಸಂದಿಯಲ್ಲಿ ಇನ್ನೂ ಸಗಣಿಯ ಹಸಿರು ಉಳಿದಿದ್ದ ಎರಡೂ ಕೈಗಳಲ್ಲಿ ಎಲೆಯನ್ನು ಚಾಚಿದಳು. ಅವರು ಎದ್ದು ನಿಂತರು. ಆಮೇಲೆ ಪಂಚೆಗೆ ಅಂಗೈ ಒರೆಸಿಕೊಂಡು, ಅವಳ ಕೈಗಳ ಕೆಳಗೆ ತಮ್ಮ ಕೈಗಳನ್ನು ಒಡ್ಡಿದರು.